ಹತ್ತಿ, ನಾನೂರ ಹನ್ನೊಂದು ಸಲ

ಮೊದಲ ಪಾಠ: ಓದಬೇಡಿ.
ಇಪ್ಪತ್ತಾರು ವರ್ಷ ಓದಿಸಿದವನಿಗೆ
ಹೀಗೆಂದಳು ರುಬೀನಾ, ನನ್ನದೇ ಹಳೆಯ ವಿದ್ಯಾರ್ಥಿನಿ,
ವ್ಯಾಕರಣದಲ್ಲಿ ಮೂವತ್ತೈದು ಕೊಟ್ಟು ನಾನು ದಾಟಿಸಿದವಳು.
"ಓದಿದ್ರೆ ಅಲ್ಲೇ ಕೂತುಬಿಡ್ತೀರಿ ಸರ್. ಮೊದ್ಲು ಎಣಿಸ್ರಿ."

ಆಜಾದ್ ನಗರದಲ್ಲಿ ಅವರ ಮನೆ, ಮಾಳಿಗೆಯ ಮೇಲೆ ಮೇಜು,
ಕೆಳಗೆ ಮಂಡಕ್ಕಿ ಭಟ್ಟಿ.
ಕೀಲಿಮಣೆಯ ಮೇಲೆ ಹೊಟ್ಟಿನ ಬೂದಿ,
ಊದಿ ಊದಿ ಒತ್ತಬೇಕು ಒಂದೊಂದು ಅಕ್ಷರ.

ನಮ್ಮ ಬಂಡವಾಳ: ಮುಚ್ಚಿದ ಮಿಲ್ಲಿನ ರಜೆ ಚೀಟಿಗಳು.
ಮಂಡಿಪೇಟೆಯ ರದ್ದಿಯಂಗಡಿಯಲ್ಲಿ ಕೆಜಿಗೆ ಏಳು ರೂಪಾಯಿಯಂತೆ
ನಾನೇ ತೂಗಿಸಿ ತಂದ ಮೂರು ಚೀಲ.
ಎರಡು ಸಾವಿರದ ಒಂಬೈನೂರ ಚಿಲ್ಲರೆ ದಿನ
ಯಾರೋ ಒಬ್ಬ ಕೆಲಸಕ್ಕೆ ಬರಲಾಗದ ಕಾರಣ.

ಕೈಬರಹ ಓದುವ ತಂತ್ರಾಂಶಕ್ಕೆ ಒತ್ತಕ್ಷರ ಕಾಣದು.
ಅಪ್ಪ ಅಪ ಆದ, ಅಜ್ಜಿ ಅಜಿ,
ಬ್ಲೋರೂಮಿನ ಗುತ್ಯಪ್ಪ ಬರೀ ಗುತಪ.
ಉದುರಿದ ಒತ್ತುಗಳನ್ನು ಮೂರು ತಿಂಗಳು ಆರಿಸಿ ಆರಿಸಿ
ಅವರವರ ಕಾಲಿಗೆ ಕಟ್ಟಿದೆವು.

ಮನೆ ಒಂದು, ಮನೆಗೆ ಇನ್ನೊಂದು,
ಮನೆಯಾಕೆಗೆ ಅಂದರೆ ಮತ್ತಾರೋ ಪರಕೀಯಳು;
ಯಂತ್ರಕ್ಕೆ ನೆಂಟಸ್ತಿಕೆ ತಿಳಿಯದು.
ಅಂದು ಆಕಳಿಸುತ್ತ ಕೇಳಿದ್ದ ವಿಭಕ್ತಿ ಪ್ರತ್ಯಯಗಳನ್ನು
ಇಂದು ಪೆನ್ನು ಹಿಡಿದು ಬರೆದುಕೊಂಡಳು ಹುಡುಗಿ.
ಆ ಸಂಜೆ ಮಾತ್ರ ನಾನು ಮೇಷ್ಟ್ರಾಗಿದ್ದೆ.

ಆಮೇಲೆ ಜರಡಿ.
ಎಲ್ಲೆಲ್ಲೂ ಇರುವ ಪದ ಏನನ್ನೂ ಹೇಳುವುದಿಲ್ಲವಂತೆ:
ಮತ್ತು, ಆದ್ದರಿಂದ, ದಯಮಾಡಿ, ತಮ್ಮ, ವಿಧೇಯ.
ವಿಧೇಯ ಚೀಟಿಗೊಂದು. ಕಸ ಅಂದಳು.
ಕಸ ಅಂದೆ ನಾನೂ. ಗುಡಿಸಿದೆವು.

ಉಳಿದ ರಾಶಿಯ ತುದಿಗೆ ಬಂದು ಕೂತಿತು
ಹತ್ತಿ, ನಾನೂರ ಹನ್ನೊಂದು ಸಲ.
ನನಗೋ ಹಿಗ್ಗು. ಹತ್ತಿಯ ಊರು, ಹತ್ತಿಯ ಮಿಲ್ಲು,
ಕಾರ್ಮಿಕನ ಮಾತಿನ ತುಂಬ ಹತ್ತಿ!
ತೋಳಹುಣಸೆಯ ವಿಚಾರ ಸಂಕಿರಣಕ್ಕೆ
ಒಂದೇ ರಾತ್ರಿಯಲ್ಲಿ ಹನ್ನೆರಡು ಪುಟ ನೂತೆ.

"ಅಕ್ಕಪಕ್ಕ ಏನೈತಿ ನೋಡಲ್ವಾ ಸರ್?"
ಒಂದು ಗುಂಡಿ ಒತ್ತಿದಳು. ನಡುಗಂಬಕ್ಕೆ ಕಟ್ಟಿದಂತೆ
ಸಾಲಾಗಿ ನಿಂತವು:

      ರಾತ್ರಿಯೆಲ್ಲಾ ಕೆಮ್ಮು   ಹತ್ತಿ   ನಿದ್ದೆ ಇರುವುದಿಲ್ಲ
      ಹರಿಹರದ ಬಸ್ಸು   ಹತ್ತಿ   ಡಾಕ್ಟರ ಕಡೆ ಹೋಗುವುದಿದೆ
      ಮೆಟ್ಟಿಲಲ್ಲಿ ದಮ್ಮು   ಹತ್ತಿ   ಕೂತುಕೊಂಡಿದ್ದರಿಂದ
      ಪುನಃ ಕೆಮ್ಮು   ಹತ್ತಿ
      ಪುನಃ ಕೆಮ್ಮು   ಹತ್ತಿ

ಬೆಳ್ಳಗಿನ ಹತ್ತಿ, ಗಿಡದಲ್ಲಿ ಬಿಡುವ ಹತ್ತಿ
ಒಂಬತ್ತೇ ಸಲ.
ನನ್ನ ಹನ್ನೆರಡು ಪುಟ ಭಟ್ಟಿಗೆ ಹಾಕು ಅಂದೆ.
ಅವಳು ನಗಲಿಲ್ಲ. ತಾರೀಖುಗಳನ್ನು ವಾರಕ್ಕೆ ತಿರುಗಿಸುತ್ತಿದ್ದಳು.

ಸೋಮವಾರದ ಕಂಬ ಎದ್ದಿತು,
ಉಳಿದ ದಿನಗಳ ನಡುವೆ ಹೊಗೆಕೊಳವೆಯಂತೆ.
ಚೀಟಿಗಳ ಅಂಚಿನಲ್ಲಿ ಮೇಸ್ತ್ರಿಯ ಕೆಂಪು ಶಾಯಿ:
ಭಾನುವಾರದ ಹೆಂಡ. ಭಾನುವಾರದ ಹೆಂಡ.
ನಾನೂ ಅದನ್ನೇ ನಂಬುತ್ತಿದ್ದೆನೇನೋ. ಆದರೆ
ಒಂದು ದಿನ ಬಿಡುವು ಸಿಕ್ಕ ಎದೆಗೂಡು
ಮರುದಿನ ಆ ದೂಳಿಗೆ ಹೇಗೆ ಮುಚ್ಚಿಕೊಳ್ಳುತ್ತದೆಂದು
ರುಬೀನಾ ವೈದ್ಯರ ಪುಸ್ತಕ ಕೇಳಿ ಬಂದಿದ್ದಳು.
ಹಾಗಾದರೆ ಯಂತ್ರ ಎಣಿಸಿದ್ದು ಸರಿಯೇ:
ಕೆಮ್ಮು ಹತ್ತಿ, ದಮ್ಮು ಹತ್ತಿ, ಎಲ್ಲ ಹತ್ತಿಯೇ.
ಕೆಳಗೆ ಭಟ್ಟಿಯಲ್ಲಿ ಅವಳ ಅಬ್ಬಾ ಕೆಮ್ಮಿದರು.
ಅವಳು ತಲೆ ಎತ್ತಲಿಲ್ಲ.

ಆ ರಾತ್ರಿ ಪಾಠ ಮುರಿದು ಓದಿದೆ.
ಗುತ್ಯಪ್ಪನವು ಅರವತ್ತೊಂದು ಚೀಟಿ.
ದುಂಡಗಿನ ಅಕ್ಷರ ಬರಬರುತ್ತ ಸಣ್ಣಗಾಗಿ
ಗೆರೆಯಿಂದ ಕೆಳಗೆ ಜಾರುತ್ತದೆ.
ಕೊನೆಯದು ಬೇರೆ ಕೈ. ಹೆಂಗಸಿನದಿರಬೇಕು.
ಇನ್ನು ಅವರು ಬರುವುದಿಲ್ಲ, ಇಷ್ಟೇ.
ಕೆಳಗೆ ಹೆಬ್ಬೆರಳಷ್ಟು ಖಾಲಿ ಜಾಗ.
ಅಲ್ಲಿ ವಿಧೇಯ ಇರಲಿಲ್ಲ.

ಇರಲಿಲ್ಲವೆಂದು ಯಂತ್ರ ಹೇಗೆ ಹೇಳೀತು,
ಇದ್ದ ಕಡೆಯಿಂದೆಲ್ಲ ನಾವೇ ಗುಡಿಸಿದ್ದೆವಲ್ಲ.
ಬೆಳಿಗ್ಗೆ ಮಾಳಿಗೆ ಹತ್ತಿ
ಕಸದ ಪಟ್ಟಿಯಿಂದ ಆ ಪದವನ್ನು ಹೆಕ್ಕಿ ತೆಗೆದೆ,
ಬೂದಿ ಊದಿ, ಮತ್ತೆ ಎಣಿಸು ಅಂದೆ.